ಗೆರೆಯಾಚೆ ಡ್ಯಾಂಡ್

ಡ್ಯಾಂಡ್ ಮಿಡಲ್‌ಮಿಸ್ ನನ್ನ ದೊಡ್ಡಮ್ಮನ ಮಗ. ಚಳಿಗಾಲದಲ್ಲಿ ಸ್ಕಾಟ್ಲೆಂಡಿನ ಪರ ರಗ್ಬಿ ಆಡುತ್ತಿದ್ದ. ಅದು ಸಾಲದೆಂದು ದೇಶದ ತಂಡಕ್ಕೆ ಆಯ್ಕೆಯಾದವರಿಗೆ ಕೊಡುವ ಕ್ರಿಕೆಟ್ ಟೋಪಿಯೂ ಬೇಕೆಂದು ಹಟ ಹಿಡಿದಿದ್ದ. ನನಗೆ ಬೇಕಿದ್ದುದೂ ಅದೊಂದೇ ಟೋಪಿ. ಹದಿನೈದು ವರ್ಷ ಬೌಲ್ ಮಾಡಿ ಭುಜ ಸವೆಸಿಕೊಂಡವನು ನಾನು. ಅವನು ಬರೀ ಓಡುವವನು.

ಆ ಶನಿವಾರ ಟ್ವೀಡ್ ಹೊಳೆಯಾಚೆಯ ಊರಿನವರ ಜೊತೆ ಪಂದ್ಯ. ಎಡಿನ್‌ಬರೋದಿಂದ ಬಂದ ಆಯ್ಕೆದಾರರು ದೊಡ್ಡಮ್ಮ ಕೊಟ್ಟ ಸ್ಕೋನ್ ಎಂಬ ಬನ್ನು ತಿನ್ನುತ್ತ ಕುರ್ಚಿಯಲ್ಲಿ ಕೂತಿದ್ದರು. ದೇಶದ ತಂಡದಲ್ಲಿ ಒಬ್ಬರಿಗೆ ಮಾತ್ರ ಜಾಗ ಎಂದು ಮೊದಲೇ ಹೇಳಿಬಿಟ್ಟಿದ್ದರು.

ಕೊನೆಯ ಓವರ್ ನನ್ನದು. ಅವರಿಗೆ ಐದು ರನ್ ಬೇಕು, ನಮಗೆ ಒಂದು ವಿಕೆಟ್. ಬ್ಯಾಟು ಹಿಡಿದು ನಿಂತವನು ಆ ಊರಿನ ಕಟುಕ ಹೆಕ್ಟರ್.

"ಏನೋ ರಾಬ್, ಚೆಂಡು ಹಾಕ್ತೀಯೋ, ಆಲೂಗಡ್ಡೆ ನೆಡ್ತೀಯೋ?" ಅಂದ.

"ನೀನ್ ಮೊದ್ಲು ಹೊಟ್ಟೆ ಪಕ್ಕಕ್ಕಿಡು, ಸ್ಟಂಪೇ ಕಾಣಿಸ್ತಿಲ್ಲ," ಅಂದೆ.

ಹಾಕಿದೆ. ಹೊಡೆದ. ಚೆಂಡು ಆಕಾಶಕ್ಕೇರಿತು. ಡ್ಯಾಂಡ್ ನಲವತ್ತು ಗಜ ಓಡಿ ಒಂದೇ ಕೈಯಲ್ಲಿ ಹಿಡಿದ. ನಾನು ಕುಣಿದೇಬಿಟ್ಟೆ. ಆದರೆ ಪುಣ್ಯಾತ್ಮ ನಿಲ್ಲಲಿಲ್ಲ. ಎದುರಿಗೆ ಬೌಂಡರಿಯ ಬಿಳಿ ಗೆರೆ ಕಂಡಿತಲ್ಲ, ಚೆಂಡನ್ನು ಎದೆಗವಚಿಕೊಂಡು ಗೆರೆ ದಾಟಿ ಹಾರಿ, ರಗ್ಬಿಯಲ್ಲಿ ಅಂಕ ಗಳಿಸುವ ಹಾಗೆ ಎರಡೂ ಕೈಯಿಂದ ನೆಲಕ್ಕೆ ಒತ್ತಿದ. ಅಂಪೈರ್ ಎರಡೂ ಕೈ ಎತ್ತಿದರು. ಆರು ರನ್. ಸೋತೆವು.

ಜನ ಬಿದ್ದು ಬಿದ್ದು ನಕ್ಕರು. ದೊಡ್ಡಮ್ಮ ಗದರಿದ್ದು ನನಗೆ! "ಚೆಂಡು ಗೆರೆ ಹತ್ರ ಹೋಗೋ ಹಂಗೆ ಯಾಕೋ ಹಾಕ್ದೆ? ಅವನ ಬುದ್ಧಿ ನಿಂಗೊತ್ತಿಲ್ವಾ?"

ವಾರ ಕಳೆಯುವುದರೊಳಗೆ ಟೋಪಿ ಡ್ಯಾಂಡ್‌ಗೇ ಬಂತು. ಅಂಥ ಓಟ ದೇಶದಲ್ಲೇ ಯಾರಿಗೂ ಇಲ್ಲವಂತೆ. ಸ್ಕೋರ್ ಪುಸ್ತಕದಲ್ಲಿ ಆ ಆರು ರನ್ ಮಾತ್ರ ನನ್ನ ಹೆಸರಿನ ಮುಂದೆ ಉಳಿಯಿತು. ಹೊಟ್ಟೆ ಉರಿದುಹೋಯಿತು, ಸುಳ್ಳೇಕೆ ಹೇಳಲಿ.

ದೇಶದ ಪರ ಅವನ ಮೊದಲ ಕ್ರಿಕೆಟ್ ಪಂದ್ಯಕ್ಕೆ ಹೋಗಿ ಗೆರೆಯ ಪಕ್ಕದಲ್ಲೇ ಕೂತೆ. ಇನ್ನೊಮ್ಮೆ ಹಾಗೇ ಮಾಡಲಿ ದೇವರೇ, ಎಲ್ಲರೂ ನೋಡಲಿ ಎಂದು ಬೇಡಿಕೊಂಡೆ. ದೇವರು ಕೇಳಿಸಿಕೊಂಡ. ಊಟಕ್ಕೆ ಮುಂಚೆ ಚೆಂಡೊಂದು ಮೇಲೆದ್ದಿತು. ಡ್ಯಾಂಡ್ ಓಡಿ ಬಂದು ಹಿಡಿದ, ಗೆರೆ ನೋಡಿದ, ಚೆಂಡನ್ನು ಎದೆಗವಚಿಕೊಂಡ. ಆ ಮುಖ ನನಗೆ ಗೊತ್ತು.

"ನಿಲ್ಲೋ ಕತ್ತೇ!"

ಮೈದಾನಕ್ಕೆಲ್ಲ ಕೇಳಿಸುವಂಥ ಕೂಗು. ಗೆರೆಗೆ ಒಂದಡಿ ಇರುವಾಗ ಡ್ಯಾಂಡ್ ಗಕ್ಕನೆ ನಿಂತ. ಆಮೇಲೆ ನನ್ನ ಕಡೆ ತಿರುಗಿ ಹಲ್ಲು ಕಿರಿದ. ಕೂಗಿದ್ದು ನಾನೇ ಎಂದು ನನಗೆ ತಿಳಿದದ್ದು ಗಂಟಲು ಉರಿಯತೊಡಗಿದ ಮೇಲೆ.