ದ್ಯಾಮವ್ವ ಕೇಳಿದ ಪರದೆ

ನಾನು ಹಸಿರು ಬಣ್ಣದ ದಪ್ಪ ಪರದೆ. ಹುಟ್ಟಿದ್ದು ಬೆಟಗೇರಿಯ ಒಂದು ವಿದ್ಯುತ್ ಮಗ್ಗದಲ್ಲಿ. ದರ್ಜಿಯೊಬ್ಬ ಅಂಚು ಮಡಿಸಿ ಹೊಲಿದು, ನನ್ನ ತಲೆಗೆ ಉಂಗುರ ಪೋಣಿಸಿದ. ಅಲ್ಲಿಂದ ಒಂದು ಆಸ್ಪತ್ರೆಯ ದೊಡ್ಡ ಡಾಕ್ಟರ ಕೋಣೆಗೆ ಬಂದೆ. ಅವರ ಮೇಜಿನ ಮೇಲೆ ಬಿಸಿಲು ಬೀಳದಂತೆ ತಡೆಯುವುದೇ ನನ್ನ ಕೆಲಸವಾಯಿತು.

ಬಾಗಿಲಿನಾಚೆ ಡಯಾಲಿಸಿಸ್ ವಾರ್ಡು. ಗಂಡಸರಿಗೂ ಹೆಂಗಸರಿಗೂ ಒಂದೇ ಹಾಲ್. ದ್ಯಾಮವ್ವನನ್ನು ಕಂಡದ್ದು ಅಲ್ಲೇ. ಬಸ್‌ಸ್ಟ್ಯಾಂಡಿನ ಎದುರು ಬಳೆ ಮಾರುತ್ತಿದ್ದವಳು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಪಕ್ಕದ ಮಂಚದಲ್ಲಿ ಶಾಹಿದಾ, ಆಗಷ್ಟೇ ಮದುವೆಯಾದ ಹುಡುಗಿ. ಇಬ್ಬರಿಗೂ ಎದೆಯ ಮೇಲ್ಭಾಗದಲ್ಲಿ ನಳಿಕೆ ಕೂರಿಸಿದ್ದರು. ಅದರ ಮೇಲಿನ ಪಟ್ಟಿ ಬದಲಿಸುವಾಗ ರವಿಕೆಯ ಗುಂಡಿಗಳನ್ನು ಬಿಚ್ಚಬೇಕು, ಅದೂ ಎದುರಿನ ಗಂಡಸರ, ಅವರ ಜೊತೆ ಬಂದವರ ಕಣ್ಣೆದುರೇ. ಶಾಹಿದಾ ದುಪಟ್ಟಾ ಕಚ್ಚಿಕೊಂಡು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಆಮೇಲೆ ಬರುವುದನ್ನೇ ಬಿಟ್ಟಳು. ಮೈಯಲ್ಲಿ ನೀರು ತುಂಬಿ, ಉಸಿರು ಕಟ್ಟಿ, ಮನೆಯಲ್ಲೇ ತೀರಿಕೊಂಡಳೆಂದು ಸುದ್ದಿ ಬಂತು.

ಮುಂದಿನ ಪಾಳಿಗೆ ಬಂದ ದ್ಯಾಮವ್ವ ಮಂಚದ ಮೇಲೆ ಕೂತಳು, ಮಲಗಲಿಲ್ಲ.

"ಮೊದಲ ಪರದಿ ಹಾಕ್ರಿ, ಆಮ್ಯಾಲೆ ಪಟ್ಟಿ ಬಿಚ್ರಿ," ಎಂದಳು.

ದೊಡ್ಡ ಡಾಕ್ಟರು ಕೋಣೆಯಿಂದ ಎದ್ದು ಅವಳ ಮಂಚದ ಬಳಿ ಹೋದರು. "ಇಷ್ಟು ದೊಡ್ಡ ಮಷಿನ್ ಐತಿ, ಔಷಧ ಐತಿ. ಜೀವ ಉಳಿಸ್ಕೊಳ್ಳೋದು ಬಿಟ್ಟು ಪರದಿ ಅಂತೀಯಲ್ಲ!"

"ಶಾಹಿದಾಗೂ ಮಷಿನ್ ಇತ್ರಿ, ಸಾಹೇಬ್ರ. ಅಕಿ ನಾಚಿಕಿಗೆ ಸತ್ಲು. ರೋಗ ಬಂದೈತಂತ ನಾವು ಮನಷ್ಯಾರಲ್ಲೇನ್ರಿ? ಮೈ ಮುಟ್ಟೂಕಿಂತ ಮೊದಲ ಒಂದ್ ಮಾತ್ ಕೇಳ್ರಿ."

ಅವಳ ಪಾದಗಳು ಊದಿದ್ದವು. ಮಾತು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದಳು. ಹಟ ಹಿಡಿದಷ್ಟೂ ಜೀವಕ್ಕೇ ಕುತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ಕೊನೆಗೆ ನರ್ಸ್ ಫಿಲೋಮಿನಾ ಯಾರ ಅಪ್ಪಣೆಗೂ ಕಾಯದೆ ಕೋಣೆಯೊಳಗೆ ಬಂದು, ಕುರ್ಚಿ ಹತ್ತಿ ನನ್ನನ್ನು ಇಳಿಸಿದರು. ಡಾಕ್ಟರು ತಡೆಯಲಿಲ್ಲ. ಹಗ್ಗ ಕಟ್ಟಿ ನನ್ನನ್ನು ದ್ಯಾಮವ್ವನ ಮಂಚದ ಸುತ್ತ ತೂಗುಹಾಕಿದರು.

ಅಂದಿನಿಂದ ಆ ವಾರ್ಡಿನಲ್ಲಿ ಪರದೆ ಸರಿಸುವ ಮೊದಲು ಕೇಳುವ ಒಂದು ಮಾತು ಹುಟ್ಟಿತು: "ಒಳಗ ಬರ್ಲ್ಯಾ?" ದಿನ ಕಳೆದಂತೆ ಉಳಿದ ಮಂಚಗಳಿಗೂ ಪರದೆ ಬಂತು. ಯಾರಿಗೆ ಏನು ಕೇಳಲು ಅಂಜಿಕೆಯಾದರೂ ದ್ಯಾಮವ್ವನೇ ಅವರ ಪರವಾಗಿ ಜೋರು ಮಾಡುತ್ತಿದ್ದಳು.

ಕಾಯಿಲೆಗೆ ಇದ್ಯಾವುದೂ ಲೆಕ್ಕಕ್ಕಿರಲಿಲ್ಲ. ಅವಳು ಒಣಗುತ್ತ ಬಂದಳು. ಒಮ್ಮೊಮ್ಮೆ ನನ್ನ ಅಂಚನ್ನು ಬಾಯಿಗೊತ್ತಿಕೊಂಡು, ಹೊರಗೆ ಕೇಳಿಸದಂತೆ ಅಳುತ್ತಿದ್ದಳು. ಅದನ್ನು ಕಂಡವನು ನಾನೊಬ್ಬನೇ. ಒಂದು ಮಧ್ಯಾಹ್ನ ಯಂತ್ರ ನಡೆಯುತ್ತಿರುವಾಗಲೇ ಅವಳ ಉಸಿರು ನಿಂತಿತು. ಫಿಲೋಮಿನಾ ನನ್ನನ್ನು ಸುತ್ತಲೂ ಎಳೆದು, ಬಹಳ ಹೊತ್ತು ಒಳಗೇ ನಿಂತಿದ್ದರು.

ಈಗ ನಾನು ಹರಿದು ಉಗ್ರಾಣದ ಮೂಲೆ ಸೇರಿದ್ದೇನೆ. ಗೋಡೆಯಾಚೆ ಹೊಸ ಪರದೆಗಳು, ಹೊಸ ಜನ. ಕೆಲವರು ಕೇಳಿ ಒಳಗೆ ಹೋಗುತ್ತಾರೆ. ಕೆಲವರು ಸರ್ರನೆ ಎಳೆದುಬಿಡುತ್ತಾರೆ. ಆ ಸದ್ದು ಕೇಳಿದಾಗಲೆಲ್ಲ, ಒಳಗೆ ಮಲಗಿದವರು ಬಾಯಿ ಬಿಟ್ಟು ಏನಾದರೂ ಅನ್ನಲಿ ಎಂದು ಕಿವಿಗೊಟ್ಟು ಕಾಯುತ್ತೇನೆ.