ಅರ್ಧ ಬೆರಳಿನ ತಾತ

ಕಳ್ಳನ ಮೊಮ್ಮಗ ಎನಿಸಿಕೊಳ್ಳಲು ನನ್ನ ಬಳಿ ಬಂದವರು ಇದುವರೆಗೆ ಒಬ್ಬರೂ ಇಲ್ಲ. ಎಲ್ಲರಿಗೂ ಒಬ್ಬ ಸೇನಾಪತಿಯೋ, ಕಡೇಪಕ್ಷ ಒಬ್ಬ ಹೆಸರಾಂತ ವೈದ್ಯನೋ ಬೇಕು. ವಂಶವೃಕ್ಷ ಬರೆದುಕೊಡುವುದು ನನ್ನ ಕಸುಬು. ಇಪ್ಪತ್ತು ವರ್ಷದಿಂದ ಹಳೇ ಜನನ-ಮರಣದ ಪುಸ್ತಕಗಳ ಧೂಳು ಕುಡಿದು, ಒಂದೇ ಹೆಸರಿನ ನಾಲ್ಕು ಜನರನ್ನು ಅವರವರ ಮನೆಗೆ ಸೇರಿಸುವುದರಲ್ಲಿ ಕಣ್ಣು ಸವೆದಿದೆ. "ಇವರು ನಿಮ್ಮ ಮುತ್ತಾತ ಅಲ್ಲ, ಅದೇ ಹೆಸರಿನ ಬೇರೆಯವರು" ಎಂದಾಗ ಜನರ ಮುಖ ಬಾಡುವುದನ್ನು ಕಂಡು ಒಳಗೊಳಗೇ ಖುಷಿಪಟ್ಟಿದ್ದೂ ಉಂಟು. ಸುಳ್ಳೇಕೆ ಹೇಳಲಿ.

ನನಗೇನು, ನನ್ನ ಮುತ್ತಾತ ಗಟ್ಟಿಯಾಗಿದ್ದ. ಅಪ್ಪನ ತಾತ. ದೊಡ್ಡ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು. ಮುಷ್ಕರದ ಕರಪತ್ರ ಅಚ್ಚು ಹಾಕಿ ಸಿಕ್ಕಿಬಿದ್ದು, ಬರೆದವರ ಹೆಸರು ಬಾಯಿಬಿಡದೆ ಎರಡು ವರ್ಷ ಜೈಲಿನಲ್ಲಿದ್ದವನು. ಅವನನ್ನು ಹಿಡಿದುಕೊಟ್ಟವನು ಅಲ್ಲೇ ಕೆಲಸಕ್ಕಿದ್ದ ಅವನ ದೊಡ್ಡಪ್ಪನ ಮಗ. ಇಬ್ಬರ ಹೆಸರೂ ಒಂದೇ, ಯಾಕೆಂದರೆ ಇಬ್ಬರಿಗೂ ತಾತನ ಹೆಸರನ್ನೇ ಇಟ್ಟಿದ್ದರು. ನಲವತ್ತು ವರ್ಷದ ಹಿಂದೆ, ಕಣ್ಣಾರೆ ಕಂಡವರೆಲ್ಲ ತೀರಿಕೊಂಡ ಮೇಲೆ, ಕಾರ್ಮಿಕ ಸಂಘದವರು ಒಂದು ನೆನಪಿನ ಪುಸ್ತಕ ತಂದರು. ಜೈಲಿಗೆ ಹೋದವನು ನಮ್ಮ ತಾತ ಎಂದು ಅಪ್ಪ ಹೇಳಿದ, ಅವರು ಬರೆದುಕೊಂಡರು. ಅಪ್ಪ ಶಾಲೆ ಮೇಷ್ಟರು, ಮೇಷ್ಟರ ಮಾತನ್ನು ಯಾರು ಒರೆಹಚ್ಚುತ್ತಾರೆ? ನನ್ನ ಅಂಗಡಿಯ ಬೋರ್ಡಿನ ಮೇಲೂ ನನ್ನ ಹೆಸರಿನ ಕೆಳಗೆ ಇಂಥವರ ಮರಿಮೊಮ್ಮಗಳು ಎಂದು ಬರೆಸಿದ್ದೇನೆ. ಊರವರ ವಂಶವನ್ನೆಲ್ಲ ಬಗೆದು ನೋಡಿದವಳು ನಮ್ಮ ಮನೆಯದನ್ನು ಮಾತ್ರ ತೆರೆದಿರಲಿಲ್ಲ.

ಸಂಘದ ಓದುವ ಕೋಣೆಯಲ್ಲಿ ಒಂದು ಭಾನುವಾರ ಮುತ್ತಾತನ ದೊಡ್ಡ ಚಿತ್ರ ಹಾಕುವುದೆಂದು ನಿಶ್ಚಯವಾಯಿತು. ಆ ಭಾನುವಾರಕ್ಕೆ ಹತ್ತು ದಿನ ಇದೆ ಎನ್ನುವಾಗ ದರ್ಜಿ ಅತ್ತೆ ನನ್ನ ಅಂಗಡಿಗೆ ಬಂದಳು. ಆ ಇನ್ನೊಬ್ಬನ, ಅಂದರೆ ಹಿಡಿದುಕೊಟ್ಟವನ, ಮೊಮ್ಮಗಳು. ಸಂಬಂಧದಲ್ಲಿ ಅತ್ತೆಯಾದರೂ ನಾವು ಮನೆಯವರೆಲ್ಲ ಅವಳನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಿದ್ದೆವು.

"ಚಿತ್ರದ ಮುಂದೆ ಇಳಿಬಿಡೋ ಪರದೆ ಹೊಲಿಯೋಕೆ ನಂಗೇ ಹೇಳಿದಾರೆ ಕಣೇ," ಎನ್ನುತ್ತ ಕುಳಿತಳು. "ನಿನ್ನ ಹತ್ರ ಒಂದು ಕೆಲಸ ಇತ್ತು. ನಮ್ಮ ತಾತನಿಗೆ ಬಲಗೈ ತೋರುಬೆರಳು ಅರ್ಧ ಇರ್ಲಿಲ್ಲ. ಕೆಲಸಕ್ಕೆ ಸೇರಿದ ಹೊಸದ್ರಲ್ಲೇ ಕಾಗದ ಕತ್ತರಿಸೋ ಯಂತ್ರಕ್ಕೆ ಸಿಕ್ಕಿತ್ತಂತೆ. ಆ ಅರ್ಧ ಬೆರಳು ಹಿಡ್ಕೊಂಡೇ ನಾನು ನಡೆಯೋದು ಕಲ್ತಿದ್ದು. ಜೈಲಲ್ಲಿ ಮೈಮೇಲಿನ ಗುರುತು ಬರ್ಕೋತಾರಂತಲ್ಲ, ನೋಡ್ತೀಯಾ?"

"ಇಷ್ಟು ವರ್ಷ ಆದ್ಮೇಲೆ ಯಾಕತ್ತೆ?"

"ಆ ಪುಸ್ತಕ ಬಂದ್ಮೇಲೆ ನಮ್ಮಪ್ಪನ ಜೊತೆ ಯಾರೂ ಕೂತು ಊಟ ಮಾಡ್ಲಿಲ್ಲ. ನಿವೃತ್ತಿ ಆಗೋ ತನಕ, ಆರು ವರ್ಷ, ಅದೇ ಅಚ್ಚುಕೂಟದ ಬೈಂಡಿಂಗ್ ರೂಮಿನ ಮೂಲೇಲಿ ಒಬ್ಬನೇ ಬುತ್ತಿ ಬಿಚ್ಚಿದ. ಸಾಯೋವಾಗ್ಲೂ 'ಜೈಲಿಗೆ ಹೋಗಿದ್ದು ನಮ್ಮಪ್ಪನೇ, ಅವನು ಚಾಡಿ ಹೇಳೋನಲ್ಲ' ಅಂತಿದ್ದ. ನಂಗೆ ಇನ್ನೇನೂ ಬೇಡ. ಅದು ನಿಜ ಅಂತ ನಾಲ್ಕು ಜನರ ಮುಂದೆ ಯಾರಾದ್ರೂ ಹೇಳಿದ್ರೆ ಸಾಕು."

ಪಾಪ, ಸಮಾಧಾನಕ್ಕೆ ನೋಡಿದರಾಯಿತು ಎಂದು ದಾಖಲೆ ಕಚೇರಿಗೆ ಹೋದೆ. ಗುಮಾಸ್ತ ಆ ವರ್ಷದ ಜೈಲು ಪುಸ್ತಕ ತಂದು ಕುಕ್ಕಿದ. ಮುತ್ತಾತನ ಹೆಸರು ಸಿಕ್ಕಿತು. ತಂದೆಯ ಹೆಸರಿರಬೇಕಾದ ಕಡೆ ಗೆದ್ದಲು ತಿಂದ ತೂತು. ಮೈಮೇಲಿನ ಗುರುತಿನ ಕಡೆ ಮಾತ್ರ ಶಾಯಿ ನಿನ್ನೆ ಬರೆದಷ್ಟು ಚೆನ್ನಾಗಿತ್ತು: ಬಲಗೈ ತೋರುಬೆರಳು ಅರ್ಧ ಇಲ್ಲ.

ಪುಸ್ತಕ ತೆಗೆಸಿದವರು ಹಿಂಬದಿಯ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಸಹಿ ಮಾಡಬೇಕು, ಅಲ್ಲಿಯ ಕ್ರಮ ಅದು. ಮಾಡಲು ಹೋದರೆ ನನಗಿಂತ ಮೊದಲು ಒಂದೇ ಒಂದು ಸಹಿ ಇತ್ತು, ಇಪ್ಪತ್ತೆರಡು ವರ್ಷದ ಹಿಂದಿನದು. ಹೈಸ್ಕೂಲು ಮುಗಿಯುವ ತನಕ ನನ್ನ ಅಂಕಪಟ್ಟಿಗಳ ಮೇಲೆ ಬಿದ್ದ ಸಹಿ. ಅಪ್ಪನದು. ಅದರ ಕೆಳಗೆ ನನ್ನದನ್ನು ಹಾಕಿದೆ.

ಮನೆಗೆ ಬಂದವಳೇ ಗೋಡೆಯ ಮೇಲಿನ ಮುತ್ತಾತನ ಫೋಟೋ ಇಳಿಸಿದೆ. ನಾನು ಚಿಕ್ಕವಳಿದ್ದಾಗ ಅದು ದೊಡ್ಡದಿತ್ತು, ಮುತ್ತಾತ ಕುರ್ಚಿಯಲ್ಲಿ ಕುಳಿತು ಎರಡೂ ಕೈ ಮಂಡಿಯ ಮೇಲಿಟ್ಟಿದ್ದ. ಗಾಜು ಒಡೆಯಿತೆಂದು ಅಪ್ಪ ಒಯ್ದು, ಬರೀ ಮುಖ ಕಾಣುವ ಸಣ್ಣ ಚೌಕಟ್ಟು ಹಾಕಿಸಿ ತಂದ. ಯಾವಾಗ ಎಂದರೆ, ಚೀಟಿಯಲ್ಲಿ ಆ ಸಹಿ ಮಾಡಿದ ವರ್ಷವೇ. ಹಿಂದಿನ ರಟ್ಟು ಕಿತ್ತೆ. ಹರಿಯಲು ಅಪ್ಪನಿಗೆ ಮನಸ್ಸು ಬಂದಿಲ್ಲ, ಕೆಳಗಿನ ಅರ್ಧವನ್ನು ಹಿಂದಕ್ಕೆ ಮಡಚಿಟ್ಟಿದ್ದ. ಬಿಡಿಸಿ ಎಣಿಸಿದೆ. ಹತ್ತು ಬೆರಳೂ ಇದ್ದವು.

ಅಪ್ಪ ಪಕ್ಕದ ಕೋಣೆಯಲ್ಲಿ ಭಾನುವಾರದ ಭಾಷಣ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ. ಫೋಟೋವನ್ನು ಅವನ ಮುಂದಿಟ್ಟೆ. ಓದುವುದನ್ನು ನಿಲ್ಲಿಸಿದ.

"ಮೊದ್ಲು ನಿಜ ಅಂತ್ಲೇ ನಂಬಿದ್ದೆ. ಪುರಾವೆ ಇರ್ಲಿ ಅಂತ್ಲೇ ಅಲ್ಲಿಗೆ ಹೋಗಿದ್ದು," ಎಂದ.

"ನೋಡಿದ್ಮೇಲೆ?"

"ಅಷ್ಟು ಹೊತ್ತಿಗೆ ಹದಿನೆಂಟು ವರ್ಷ ಮಕ್ಕಳಿಗೆ ಅದೇ ಕಥೆ ಹೇಳಿ ಆಗಿತ್ತು. ಹೋಗ್ಲಿ ಬಿಡೇ, ಸತ್ತವರಿಗೆ ಏನು ನಷ್ಟ?"

"ದರ್ಜಿ ಅತ್ತೆ ಸತ್ತಿಲ್ಲ."

"ಅವಳಿಗೆ ಅಭ್ಯಾಸ ಆಗಿದೆ. ಈ ವಯಸ್ಸಲ್ಲಿ ನಾನು ಹೊಸದಾಗಿ ಅಭ್ಯಾಸ ಮಾಡ್ಕೊಳ್ಳೋಕಾಗಲ್ಲ. ಭಾನುವಾರ ಒಂದು ಕಳೀಲಿ, ಆಮೇಲೆ ನಿನ್ನಿಷ್ಟ."

ಮೈಯೆಲ್ಲ ಉರಿಯಿತು. ಮಗುವಿದ್ದಾಗಿನಿಂದ ಸುಳ್ಳು ಹೇಳಬೇಡ ಎಂದು ಕಿವಿ ಹಿಂಡಿದ ಮನುಷ್ಯ! ಆಗಲೇ ಅತ್ತೆಯ ಮನೆಗೆ ಹೋಗಿ ಹೇಳಿಬಿಡಬೇಕೆಂದು ಹೊರಟವಳು ಅಂಗಡಿಯ ಹತ್ತಿರ ಬಂದು ಬೋರ್ಡು ನೋಡಿದೆ. ನೋಡುತ್ತ ನಿಂತೆ. ಭಾನುವಾರ ಒಂದು ಕಳೆಯಲಿ ಎಂದು ನನಗೂ ಅನ್ನಿಸಿತು. ನನ್ನ ಯೋಗ್ಯತೆ ಅಷ್ಟೇ ಇತ್ತು.

ಭಾನುವಾರ ಓದುವ ಕೋಣೆ ತುಂಬಿತ್ತು. ಅತ್ತೆ ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಬಂದು ಕುಳಿತಳು.

"ನೋಡಿದ್ಯಾ?" ಎಂದಳು.

"ಆ ವರ್ಷದ ಪುಸ್ತಕ ಗೆದ್ದಲು ತಿಂದುಬಿಟ್ಟಿದೆ ಅತ್ತೆ."

ಅವಳು ತಲೆಯಾಡಿಸಿದಳು. ಮುಂದೆ ಅಪ್ಪ ಹಗ್ಗ ಎಳೆದ, ಅವಳು ಹೊಲಿದ ನೀಲಿ ಪರದೆ ಜಾರಿತು, ಜನ ಚಪ್ಪಾಳೆ ತಟ್ಟಿದರು. ಕೈ ಹೇಗಿತ್ತೆಂದು ಗೊತ್ತಿಲ್ಲದ ಚಿತ್ರಗಾರ ತನಗೆ ತೋಚಿದಂತೆ ಒಂದು ಬಲಗೈ ಬರೆದು, ಅದರಲ್ಲೊಂದು ಅಚ್ಚಿನ ಮೊಳೆ ಹಿಡಿಸಿದ್ದ.

"ಐದೂ ಬೆರಳು ಚೆನ್ನಾಗಿ ಬರೆದಿದಾನೆ," ಎಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗದೆಯೇ, "ಶುಕ್ರವಾರ ನಾನೇ ಹೋಗಿದ್ದೆ. ನೀನು ಕೆಲಸದಲ್ಲಿ ಮರೆತಿರ್ತೀಯ ಅಂದ್ಕೊಂಡೆ. ಗುಮಾಸ್ತ ಎಲ್ಲಾ ಓದಿ ಹೇಳಿದ. ಚೀಟೀಲಿ ಎರಡು ಸಹಿ ಇದೆಯಂತಲ್ಲ, ನಿಮ್ಮಪ್ಪಂದು, ನಿಂದು," ಎಂದಳು.

"ಮತ್ತೆ ನನ್ನ ಯಾಕೆ ಕೇಳಿದ್ರಿ?"

"ನೀನಾಗೇ ಹೇಳ್ತೀಯೇನೋ ಅಂತ. ನಾನು ಹೇಳಿದ್ರೆ ಚಾಡಿಕೋರನ ಮೊಮ್ಮಗಳು ಹೊಟ್ಟೆಕಿಚ್ಚಿಗೆ ಹೇಳ್ತಾಳೆ ಅಂತಾರೆ." ಎದ್ದು ಸೀರೆಯ ಸೆರಗು ಸರಿಮಾಡಿಕೊಂಡಳು. "ನೀನು ಯಾರ ಮರಿಮೊಮ್ಮಗಳು ಅಂತ ತಿಳ್ಕೊಳ್ಳೋಕೆ ಇನ್ನು ಯಾವ ಪುಸ್ತಕಾನೂ ಬೇಡ ಬಿಡು."

ಅವಳು ಬಾಗಿಲು ದಾಟುವಷ್ಟರಲ್ಲಿ ಸಂಘದ ಕಾರ್ಯದರ್ಶಿ ಮೈಕಿನಲ್ಲಿ ನನ್ನನ್ನು ಕರೆದ, ಮಹನೀಯರ ವಂಶವೃಕ್ಷವನ್ನು ಅವರ ಮರಿಮೊಮ್ಮಗಳೇ ಓದುತ್ತಾರೆ ಎಂದ. ಅಪ್ಪ ಮುಂದಿನ ಸಾಲಿನಿಂದ ತಿರುಗಿ ನನ್ನನ್ನೇ ನೋಡುತ್ತಿದ್ದ. ಎದ್ದು ಹೋದೆ. ಅಪ್ಪ ಹೇಳಿದಂತೆ ಬರೆದಿಟ್ಟಿದ್ದ ಕಾಗದ ಬಿಡಿಸಿ ಮೊದಲಿನಿಂದ ಕೊನೆಯವರೆಗೆ ಓದಿದೆ, ಒಂದು ಕಡೆಯೂ ತೊದಲಲಿಲ್ಲ.