ಡೋಲಿನವನ ಮೊಟಕು ಕೈ

ತಂಗಿಯ ಕಂಪ್ಯೂಟರಿನಲ್ಲಿ ಗೊಂಬೆ ಗಡಿಯಾರದ ಪ್ರೋಗ್ರಾಮಿಗೆಂದು ಒಂದು ಫೋಲ್ಡರ್ ಇತ್ತು. ಅದನ್ನು ಫೋಲ್ಡರ್ ಅನ್ನುವುದಕ್ಕಿಂತ ಹಳೇ ಸಾಮಾನು ತುಂಬಿದ ಅಟ್ಟ ಅನ್ನುವುದೇ ಸರಿ. ‘ಕೊನೆಯದು’ ಇತ್ತು, ‘ನಿಜವಾಗಿ ಕೊನೆಯದು’ ಇತ್ತು, ‘ಆಣೆಗೂ ಇದೇ ಕೊನೆಯದು’ ಇತ್ತು, ಪಕ್ಕದಲ್ಲೇ ‘ಕೊನೆಯದು, ಅಣ್ಣ ಕೈ ಹಾಕಿದ ಮೇಲೆ’ ಕೂಡ ಇತ್ತು. ಯಾವುದರಲ್ಲಿ ಏನಿದೆ ಎಂದು ಕೇಳಿದರೆ ಕಣ್ಣು ಕಣ್ಣು ಬಿಡುತ್ತಿದ್ದಳು.

ಅಣ್ಣ ಬಡಗಿ. ಗ್ರಂಥಾಲಯದ ಹಜಾರದಲ್ಲಿ ನಿಲ್ಲಿಸಿದ ಆ ದೊಡ್ಡ ಗಡಿಯಾರಕ್ಕೆ ಗೊಂಬೆಗಳನ್ನು ಕೆತ್ತಿದವನು ಅವನು. ಒಳಗೆ ಮೋಟಾರು ಕೂರಿಸಿ ಅವುಗಳನ್ನು ಕುಣಿಸುವ ಪ್ರೋಗ್ರಾಮ್ ಬರೆದವಳು ತಂಗಿ. ಗಂಟೆಯಾದಾಗ ಬಾಗಿಲು ತೆರೆದು ಡೋಲಿನವನು, ತುತ್ತೂರಿಯವಳು ಮತ್ತು ಒಂದು ಕರಡಿ ಹೊರಗೆ ಬಂದು ಬಾಗಿ ನಮಸ್ಕರಿಸಿ ವಾದ್ಯ ಬಾರಿಸಬೇಕು. ಅಣ್ಣನ ಕೈಯಲ್ಲಿ ಕಲೆಯಿತ್ತು, ಎದೆಯಲ್ಲಿ ಮಾತ್ರ ಪುಕ್ಕಲು. ಒಮ್ಮೆ ಕೆತ್ತಿ ಬಣ್ಣ ಬಳಿದದ್ದಕ್ಕೆ ಮತ್ತೆ ಕೈ ಹಚ್ಚಲು ಅವನಿಗೆ ಧೈರ್ಯವೇ ಬರುತ್ತಿರಲಿಲ್ಲ. ಡೋಲಿನವನ ಬಲಗೈ ತುಸು ಉದ್ದವಾಗಿ ಬಾಗಿಲ ಚೌಕಟ್ಟಿಗೆ ಉಜ್ಜುತ್ತಿತ್ತು. ಅಣ್ಣ ಗರಗಸ ಹಿಡಿದು ಅದರ ಮುಂದೆ ನಿಲ್ಲುವನು, “ಕೆಟ್ಟು ಹೋದ್ರೆ?” ಎನ್ನುವನು, ಗರಗಸವನ್ನು ಮೊಳೆಗೆ ನೇತುಹಾಕುವನು.

ಗ್ರಂಥಪಾಲಕಿ ಪರೀಕ್ಷೆಗೆ ಬಂದ ದಿನ ತಂಗಿ ಅವಸರದಲ್ಲಿ ಯಾವುದೋ ‘ಕೊನೆಯದು’ ಒತ್ತಿದಳು. ಕರಡಿ ಹಿಮ್ಮುಖವಾಗಿ ನಡೆದುಬಂದು, ಆ ತಾಯಿಗೆ ಬೆನ್ನು ತೋರಿಸಿ, ಗೋಡೆಗೆ ಭಕ್ತಿಯಿಂದ ನಮಸ್ಕರಿಸಿತು.

“ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಜನರ ಮುಂದೆ ಇದು ನೆಟ್ಟಗೆ ಆಡ್ಬೇಕು. ಇಲ್ಲಾಂದ್ರೆ ಇದನ್ನ ತೆಗೆಸಿ ಈ ಜಾಗಕ್ಕೆ ದೊಡ್ಡ ಟೀವಿ ಹಾಕಿಸ್ತೀನಿ” ಎಂದರು ಅವರು.

ಆ ಸಂಜೆ ಗಣಿತದ ಮೇಡಂ ಆಗಿರುವ ಅತ್ತಿಗೆ ಶಾಲೆ ಮುಗಿಸಿಕೊಂಡು ಗಡಿಯಾರದ ಹಿಂದಿನ ಕೋಣೆಗೆ ಬಂದರು. ಫೋಲ್ಡರ್ ನೋಡಿ ತಲೆಯ ಮೇಲೆ ಕೈ ಹೊತ್ತರು.

“ಹಳೇದನ್ನೆಲ್ಲ ನೆನಪಿಟ್ಟುಕೊಳ್ಳೋ ಗಿಟ್ ಅಂತ ಸಾಫ್ಟ್‌ವೇರ್ ಇದೆ, ಹಾಕ್ಕೊಳ್ಳೇ ಮಾರಾಯ್ತಿ.”

“ಅದು ದೊಡ್ಡ ದೊಡ್ಡ ಕಂಪನಿಯವರಿಗಲ್ವಾ ಅತ್ತಿಗೆ?”

“ಅಲ್ಲ, ತಪ್ಪು ಮಾಡೋರಿಗೆ. ನಿನಗಿಂತ ಬೇರೆಯವರು ಬೇಕಾ?”

ಅತ್ತಿಗೆ ಹೇಳಿಕೊಟ್ಟರು: ಇನ್ನು ಮೇಲೆ ಪ್ರೋಗ್ರಾಮಿಗೆ ಒಂದೇ ಫೈಲು. ಕೆಲಸ ಒಂದು ಹದಕ್ಕೆ ಬಂದಾಗಲೆಲ್ಲ, ಏನು ಬದಲಾಯಿಸಿದೆ ಎಂದು ಒಂದು ಸಾಲು ಬರೆದು ಕಮಿಟ್ ಮಾಡಬೇಕು. ಆಗ ಅದು ಇದ್ದದ್ದು ಇದ್ದ ಹಾಗೆ ಭದ್ರವಾಗಿರುತ್ತದೆ. ಮುಂದೆ ಏನೇ ಎಡವಟ್ಟಾದರೂ ಅಲ್ಲಿಗೆ ಹಿಂದಿರುಗಬಹುದು. ತಂಗಿ ಸರಿಯಾಗಿ ಓಡುವ ‘ಕೊನೆಯದು’ ಯಾವುದೆಂದು ಹುಡುಕಿ ಕಮಿಟ್ ಮಾಡಿದಳು, ಕಣ್ಣು ಮುಚ್ಚಿ ಕರಡಿಯ ಸಾಲುಗಳನ್ನೆಲ್ಲ ಅಳಿಸಿದಳು. ಕರಡಿ ಮರದ ಕೊರಡಾಗಿ ನಿಂತಿತು. ಹಿಂದಿನ ಕಮಿಟ್‌ಗೆ ಹೋದಳು. ಕರಡಿ ತಲೆಯಾಡಿಸಿತು!

ತಂಗಿ ಕುರ್ಚಿಯ ಮೇಲೆ ಹತ್ತಿ ಕುಣಿದಳು. ಅಣ್ಣನಿಗೂ ಹುಚ್ಚು ಹಿಡಿಯಿತು. ಕರಡಿಯನ್ನು ಬುಗುರಿಯಂತೆ ತಿರುಗಿಸಿದರು, ವಾಪಸ್ ತಂದರು. ತುತ್ತೂರಿಯವಳಿಗೆ ಬಿಕ್ಕಳಿಕೆ ಬರಿಸಿದರು, ವಾಪಸ್ ತಂದರು. ಅಣ್ಣ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡ.

“ಅಂದ್ರೆ ಏನ್ ಕೆಡಿಸಿದ್ರೂ ವಾಪಸ್ ಬರುತ್ತಾ?”

“ಏನ್ ಕೆಡಿಸಿದ್ರೂ!” ಎಂದಳು ತಂಗಿ, ಹಿಂದೆ ಮುಂದೆ ನೋಡದೆ.

ಭಾನುವಾರ ಬೆಳಿಗ್ಗೆ ಅವಳು ಬರುವಾಗ ಕೋಣೆಯ ತುಂಬ ಮರದ ಪುಡಿ. ಅಣ್ಣ ಹಾಡು ಗುನುಗುತ್ತಿದ್ದ.

“ಕೊಯ್ದೇಬಿಟ್ಟೆ ಕಣೇ! ಸ್ವಲ್ಪ ಜಾಸ್ತಿ ಆಯ್ತು, ಕೋಲು ಡೋಲಿಗೆ ಮುಟ್ತಾ ಇಲ್ಲ. ಏನೂ ಪರವಾಗಿಲ್ಲ, ನೀನು ನಿನ್ನೆಯ ಕಮಿಟ್‌ಗೆ ಹೋಗು.”

“ಅಣ್ಣಾ, ಅದು ಮರ.”

“ಗೊತ್ತು, ತೇಗ.”

“ಮರ ಗಿಟ್‌ನಲ್ಲಿ ಇರಲ್ವೋ!”

ಅಣ್ಣ ಕತ್ತರಿಸಿದ ತುಂಡನ್ನು ನೋಡಿದ, ಕಂಪ್ಯೂಟರನ್ನು ನೋಡಿದ, ಮರದ ಪುಡಿಯ ಮೇಲೆ ದೊಪ್ಪನೆ ಕುಳಿತ. ಅವನನ್ನು ಕಂಡು ತಂಗಿಗೆ ಅಯ್ಯೋ ಅನ್ನಿಸಿತು. ಜನ್ಮದಲ್ಲಿ ಒಮ್ಮೆ ಧೈರ್ಯ ಮಾಡಿದ್ದ, ಅದೂ ತನ್ನ ಮಾತು ನಂಬಿ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದರೂ ನಗು ತಡೆಯಲಾಗಲಿಲ್ಲ. “ಕೊಯ್ಯೋ ಮುಂಚೆ ಕಮಿಟ್ ಮಾಡಿದ್ರೇನ್ರೀ?” ಎಂದರು. ಮೂವರೂ ಬಿದ್ದು ಬಿದ್ದು ನಕ್ಕರು. ಅಣ್ಣನದು ಅರ್ಧ ಅಳು.

ಹೊಸ ಕೈ ಕೆತ್ತಿದರೆ ಬಣ್ಣ ಒಣಗುವ ಹೊತ್ತಿಗೆ ಸಂಜೆ. ತಂಗಿ ಡೋಲಿನವನನ್ನೇ ದಿಟ್ಟಿಸಿದಳು. ನಮಸ್ಕಾರಕ್ಕೆಂದು ಅವನ ಸೊಂಟದಲ್ಲಿ ಒಂದು ಮೋಟಾರು ಇತ್ತು. ಕೈ ಡೋಲಿಗೆ ಎಟುಕದಿದ್ದರೆ ಅವನೇ ಬಗ್ಗಲಿ! ಆದರೆ ಚೆನ್ನಾಗಿ ಓಡುತ್ತಿರುವ ಪ್ರೋಗ್ರಾಮನ್ನು ಈಗ ಕೆದಕುವುದೆಂದರೆ ಅವಳಿಗೂ ಧೈರ್ಯ ಸಾಲಲಿಲ್ಲ.

“ಬೇರೆ ಬ್ರಾಂಚ್, ಅಂದ್ರೆ ಇದರದ್ದೇ ಒಂದು ನಕಲು, ಮಾಡ್ಕೊಂಡು ಅಲ್ಲಿ ಆಡು. ಕೆಟ್ರೆ ಮುಖ್ಯದ್ದಕ್ಕೆ ಏನೂ ಆಗಲ್ಲ, ಸರಿಹೋದ್ರೆ ಸೇರಿಸು” ಎಂದರು ಅತ್ತಿಗೆ.

ಮೊದಲ ಪ್ರಯತ್ನದಲ್ಲಿ ಡೋಲಿನವನು ಹಣೆಯಿಂದಲೇ ಡೋಲು ಬಾರಿಸಿದ. ಆಮೇಲೆ ಕರಡಿಗೆ ಗುದ್ದಿದ. ತಂಗಿ ಬಿಡಲಿಲ್ಲ.

ಹನ್ನೆರಡಾಯಿತು. ಹಜಾರದ ತುಂಬ ಜನ. ಬಾಗಿಲು ತೆರೆಯಿತು. ಡೋಲಿನವನು ಚೌಕಟ್ಟಿಗೆ ಉಜ್ಜದೆ ಹೊರಗೆ ಬಂದ, ಮೊಟಕು ಕೈ ಎತ್ತಿದ, ಇಡೀ ಮೈಯನ್ನು ಬಗ್ಗಿಸಿ ಡೋಲಿಗೆ ಬಾರಿಸಿದ. ಎದ್ದ, ಮತ್ತೆ ಬಗ್ಗಿ ಬಾರಿಸಿದ. ಆ ಡೋಲಿನ ಮೇಲೆ ಅವನಿಗೆ ಪ್ರಾಣವೇ ಇದ್ದಂತಿತ್ತು. ಮಕ್ಕಳು ಅವನ ಜೊತೆಗೇ ಬಗ್ಗತೊಡಗಿದರು, ಮುದುಕರೂ ಸುಮ್ಮನಿರಲಿಲ್ಲ. ಗಂಟುಮುಖದ ಗ್ರಂಥಪಾಲಕಿ ನಕ್ಕು ಕಣ್ಣೊರೆಸಿಕೊಂಡರು.

“ಮೊನ್ನೆ ಇವನು ಹೀಗಿರಲಿಲ್ವಲ್ಲ! ಟೀವಿ ಗೀವಿ ಏನೂ ಬೇಡ, ಇವನೇ ಇರ್ಲಿ.”

ಹಿಂದಿನ ಕೋಣೆಯಲ್ಲಿ ತಂಗಿ ಬ್ರಾಂಚನ್ನು ಮುಖ್ಯದ್ದಕ್ಕೆ ಸೇರಿಸಿದಳು. ಏನು ಬದಲಾಯಿತು ಎಂಬ ಸಾಲು ಬರೆಯಬೇಕಿತ್ತು. ಯೋಚಿಸಿ ಬರೆದಳು: ‘ಅಣ್ಣ ಧೈರ್ಯ ಮಾಡಿದ. ಹಿಂದಕ್ಕೆ ಹೋಗುವುದು ಬೇಡ.’

ಬರೆದು ತಲೆಯೆತ್ತಿದರೆ, ಅಣ್ಣ ಗರಗಸ ಹಿಡಿದು ತುತ್ತೂರಿಯವಳ ಮುಂದೆ ನಿಂತಿದ್ದ. ಕಣ್ಣಲ್ಲಿ ಪುಕ್ಕಲಿನ ಸುಳಿವೇ ಇಲ್ಲ.

“ಇವಳ ಕತ್ತು ಸ್ವಲ್ಪ ಉದ್ದ ಆಯ್ತು ಅನ್ಸಲ್ವೇನೇ?”

“ಅತ್ತಿಗೇ!” ಎಂದು ಕಿರುಚುತ್ತಾ ತಂಗಿ ಗರಗಸ ಕಿತ್ತುಕೊಳ್ಳಲು ಹಾರಿದಳು.